ಹದಿಮೂರನೆಯ ದಿನದ ಇಂಗ್ಲಿಷು

ನಮ್ಮ ಬೀದಿಯ ಕೊನೆಯ ಮನೆಯ ವೃದ್ಧರೊಬ್ಬರು ತೀರಿಕೊಂಡು ಆಗ ಐದು ದಿನಗಳಾಗಿದ್ದುವು. ಅವರ ಮಕ್ಕಳಲ್ಲಿ ಇಬ್ಬರು ಹೊರದೇಶದಲ್ಲಿ ನೆಲಸಿದವರಾದುದರಿಂದಲೂ, ಮೊಮ್ಮಕ್ಕಳ ಕಣ್ಣಿಗೆ ಕನ್ನಡದ ಅಕ್ಷರಗಳು ರಂಗೋಲಿಯ ಎಳೆಗಳಂತೆ ತೋರುತ್ತಿದ್ದುದರಿಂದಲೂ, ಉತ್ತರಕ್ರಿಯೆಯ ಪತ್ರಿಕೆಯನ್ನು ಒಂದು ಮಗ್ಗುಲಿಗೆ ಕನ್ನಡದಲ್ಲಿಯೂ ಇನ್ನೊಂದು ಮಗ್ಗುಲಿಗೆ ಇಂಗ್ಲಿಷಿನಲ್ಲಿಯೂ ಅಚ್ಚುಹಾಕಿಸಬೇಕೆಂದು ಮನೆಯವರು ನಿಶ್ಚಯಿಸಿದರು. ಕನ್ನಡದ ಮಗ್ಗುಲು ಹತ್ತು ನಿಮಿಷದಲ್ಲಿ ಮುಗಿಯಿತು; ಆ ಒಕ್ಕಣೆ ಮುದ್ರಣಾಲಯದವರ ಬಳಿ ಸಿದ್ಧವಾಗಿಯೇ ಇರುತ್ತದೆ, ಹೆಸರು ತಿಥಿಗಳನ್ನು ತುಂಬಿದರೆ ಸಾಕು. ಇಂಗ್ಲಿಷಿನ ಭಾರವು ವೃತ್ತಪತ್ರಿಕೆಯೊಂದರಲ್ಲಿ ಭಾಷಾಂತರದ ಕೆಲಸ ಮಾಡುವ ನೆರೆಮನೆಯ ತರುಣನ ಮೇಲೆ ಬಿದ್ದಿತು. ಅವನು ಬರೆದುದನ್ನು ತಿದ್ದಿಕೊಡಲು ಒಪ್ಪಿದವರು ಮೃತರ ಬಾಲ್ಯಸ್ನೇಹಿತರು, ಮೂವತ್ತು ವರ್ಷ ಇಂಗ್ಲಿಷು ಪಾಠ ಹೇಳಿ ನಿವೃತ್ತರಾದವರು. ಸೂತಕದ ಮನೆಯಲ್ಲಿ ಚರ್ಚೆ ಬೇಡವೆಂದು ಇಬ್ಬರೂ ನಮ್ಮ ಜಗುಲಿಗೆ ಬಂದು ಕುಳಿತರು. ಮುದ್ರಣಾಲಯದ ಹುಡುಗನು ಸೈಕಲ್ಲನ್ನು ಗೇಟಿಗೆ ಒರಗಿಸಿ, ಐದು ನಿಮಿಷದ ಕೆಲಸವೆಂಬ ನಂಬಿಕೆಯಿಂದ ಮೆಟ್ಟಿಲ ಮೇಲೆ ಕುಳಿತನು.

ಹಿರಿಯರು: ಇದೇನಯ್ಯ, "ಫ್ಯೂನರಲ್" ಎಂದು ಬರೆದಿದ್ದೀಯೆ! ಫ್ಯೂನರಲ್ ಆಗಿ ಐದು ದಿನವಾಯಿತಲ್ಲ. ಬೆಟ್ಟದ ತಪ್ಪಲಿನ ಸ್ಮಶಾನದವರೆಗೆ ನೀನೂ ಬಂದಿದ್ದೆ, ನಾನೂ ಬಂದಿದ್ದೆ. ಮುಗಿದುಹೋದುದಕ್ಕೆ ಊರವರನ್ನು ಕರೆಯುವುದು ಯಾವ ನ್ಯಾಯ?

ತರುಣ: ಸತ್ತವರಿಗಾಗಿ ನಡೆಸುವುದೆಲ್ಲ ಆ ಮಾತಿನೊಳಗೆ ಅಡಗುತ್ತದೆಂದು ತಿಳಿದೆ, ಮೇಷ್ಟ್ರೇ. ಮೊಮ್ಮಕ್ಕಳಿಗೆ ಗೊತ್ತಿರುವ ಪದವೂ ಅದೊಂದೇ.

ಹಿರಿಯರು: ಅಡಗುವುದಿಲ್ಲ. ದೇಹವು ಎದುರಿಗಿದ್ದು, ಅದನ್ನು ಬೀಳ್ಕೊಟ್ಟು ಹಿಂದಿರುಗುವವರೆಗೆ ಮಾತ್ರ ಆ ಶಬ್ದದ ಅಧಿಕಾರ. ಅದರಾಚೆಗೆ ಅದು ಒಂದು ಹೆಜ್ಜೆಯನ್ನೂ ಇಡದು. ಇನ್ನೂ ಕೂಲಂಕಷವಾಗಿ ನೋಡಿದರೆ ನಮ್ಮವರ ಮೊದಲನೆಯ ದಿನಕ್ಕೂ ಅದು ಸಲ್ಲುವುದೋ ಇಲ್ಲವೋ ಎಂದು ನನಗೆ ಶಂಕೆ. ಅದು ಹೂಳುವ ಜನರ ಮಾತು. ಪೆಟ್ಟಿಗೆ, ಗಂಟೆ, ಗುಣಿ, ಹಿಡಿಮಣ್ಣು ಇವಿಲ್ಲದ ಫ್ಯೂನರಲನ್ನು ಯಾವ ಆಂಗ್ಲೇಯನು ಕಲ್ಪಿಸಿಕೊಂಡಾನು? 1662ರ ಅವರ ಪ್ರಾರ್ಥನಾಗ್ರಂಥವನ್ನು ತೆಗೆದು ನೋಡು. ಮೃತರನ್ನು ಹೂಳುವ ವಿಧಿ ಎಂದೇ ಅಲ್ಲಿ ಶಿರೋನಾಮೆ. ನಾವು ಸುಡುವವರು. ನಮಗೆ ಕ್ರಿಮೇಷನ್ ಎಂಬ ಬೇರೆ ಪದವೇ ಉಂಟು.

ತರುಣ: ಆ ಶಿರೋನಾಮೆಯಲ್ಲಿರುವುದು ಬರಿಯಲ್ ಎಂಬ ಮಾತು, ಫ್ಯೂನರಲ್ ಅಲ್ಲ, ಅಲ್ಲಿಗೆ ಅದು ನನ್ನ ಕಡೆಯ ಸಾಕ್ಷಿಯಾಯಿತು. ಫ್ಯೂನರಲ್ ಬಂದದ್ದು ಲ್ಯಾಟಿನಿನ ಫೂನುಸ್ ಎಂಬುದರಿಂದ. ಶವ, ಸಾವು, ಶವಯಾತ್ರೆ ಮೂರಕ್ಕೂ ರೋಮನರಲ್ಲಿ ಆ ಒಂದೇ ಮಾತು ಸಲ್ಲುತ್ತಿತ್ತು. ಹೂಳಿದರೋ ಸುಟ್ಟರೋ ಎಂದು ಅದು ವಿಚಾರಿಸುತ್ತಿರಲಿಲ್ಲ. ಸೀಸರನ ಕಾಲದ ರೋಮನರು ಬಹುಮಟ್ಟಿಗೆ ನಮ್ಮಂತೆಯೇ ಚಿತೆಯೊಟ್ಟಿ ಸುಡುತ್ತಿದ್ದವರು. ಅವರ ಹನ್ನೆರಡು ಫಲಕಗಳ ಶಾಸನದಲ್ಲಿ, ಊರೊಳಗೆ ಹೆಣವನ್ನು ಹೂಳಲೂ ಕೂಡದು ಸುಡಲೂ ಕೂಡದು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದೆ.

ಹಿರಿಯರು: ರೋಮಿನ ಮಾತು ರೋಮಿಗಾಯಿತು. ನಾನು ಕೇಳುತ್ತಿರುವುದು ಇಂಗ್ಲಿಷಿನವರ ರೂಢಿಯನ್ನು.

ತರುಣ: ಅಲ್ಲಿಗೇ ಬನ್ನಿ. 1884ರಲ್ಲಿ ವೇಲ್ಸಿನ ವಿಲಿಯಂ ಪ್ರೈಸ್ ಎಂಬ ಮುದಿ ವೈದ್ಯನೊಬ್ಬನು, ತನ್ನನ್ನು ಪ್ರಾಚೀನ ಡ್ರೂಯಿಡರ ಪುರೋಹಿತನೆಂದು ಕರೆದುಕೊಳ್ಳುತ್ತಿದ್ದವನು, ತನ್ನ ಎಳೆಗೂಸು ಸತ್ತಾಗ ಗುಡ್ಡದ ಮೇಲೆ ಬೆಂಕಿ ಮಾಡಿ ಅದನ್ನು ದಹಿಸಹೊರಟನು. ಊರವರು ರೊಚ್ಚಿಗೆದ್ದು ಬೆಂಕಿಯಿಂದ ಶವವನ್ನು ಎಳೆದರು, ಪೊಲೀಸರು ಅವನನ್ನು ಹಿಡಿದರು, ಕಾರ್ಡಿಫ್‌ನಲ್ಲಿ ವಿಚಾರಣೆಯಾಯಿತು. ನೆರೆಹೊರೆಗೆ ಉಪದ್ರವವಾಗದಂತೆ ಶವವನ್ನು ಸುಟ್ಟರೆ ಅದು ಅಪರಾಧವಲ್ಲವೆಂದು ನ್ಯಾಯಾಧೀಶ ಸ್ಟೀಫನ್ ಅಭಿಪ್ರಾಯಪಟ್ಟನು. ಮರುವರ್ಷ ವೋಕಿಂಗಿನ ದಹನಾಗಾರದಲ್ಲಿ ಮೊದಲ ಶವಕ್ಕೆ ಬೆಂಕಿ ಬಿದ್ದಿತು. 1902ರಲ್ಲಿ ಅದಕ್ಕೊಂದು ಕಾಯಿದೆಯೂ ಆಯಿತು. 1963ರಲ್ಲಿ ರೋಮಿನ ಚರ್ಚೂ ಒಪ್ಪಿಕೊಂಡಿತು. ಈಗ ಅಲ್ಲಿಯ ಪತ್ರಿಕೆಗಳಲ್ಲಿ ಇಂಥ ದಹನಾಗಾರದಲ್ಲಿ ಇಂಥವರ ಫ್ಯೂನರಲ್ ಎಂದು ನಿತ್ಯವೂ ಅಚ್ಚಾಗುತ್ತದೆ, ಯಾರ ಕಿವಿಗೂ ಅದು ಮುಳ್ಳಾಗುವುದಿಲ್ಲ. ಬರಿಯಲ್, ಕ್ರಿಮೇಷನ್ ಎಂಬುವು ದೇಹವನ್ನು ಏನು ಮಾಡಿದರೆಂದು ಹೇಳುವ ಮಾತುಗಳು. ಫ್ಯೂನರಲ್ ಅವೆರಡರ ಮೇಲೆ ಬಿಚ್ಚಿದ ಕೊಡೆ.

ಹಿರಿಯರು: ಆಗಲಿ, ಹೂಳುವ ಹಟವನ್ನು ಬಿಟ್ಟುಕೊಟ್ಟೆ. ಆದರೆ ನನ್ನ ಮೊದಲನೆಯ ಪ್ರಶ್ನೆಯನ್ನು ನೀನು ಚಿತೆಯ ಹೊಗೆಯಲ್ಲಿ ಮರೆಸಿಬಿಟ್ಟೆ. ಕೊಡೆ ಎಷ್ಟೇ ದೊಡ್ಡದಿರಲಿ, ಅದನ್ನು ಸ್ಮಶಾನದ ಬಾಗಿಲಲ್ಲಿ ಮಡಿಸಿ ಮನೆಗೆ ಬರುತ್ತಾರೆ. ಹದಿಮೂರನೆಯ ದಿನಕ್ಕೆ ಅದನ್ನು ಬಿಚ್ಚುವಂತಿಲ್ಲ. ಇಲ್ಲಿ ಇರತಕ್ಕ ಮಾತು ಆಬ್ಸಿಕ್ವೀಸ್.

ತರುಣನು ನಕ್ಕನು. ಆ ನಗೆಯಲ್ಲಿ ಅವಿನಯವಿರಲಿಲ್ಲ; ಅಜ್ಜನ ಪೆಟ್ಟಿಗೆಯಿಂದ ಜರತಾರಿ ಪೇಟವೊಂದು ಹೊರಬಂದಾಗ ಮನೆಯ ಹುಡುಗರು ನಗುತ್ತಾರಲ್ಲ, ಆ ಬಗೆಯದು.

ತರುಣ: ಆ ಮಾತನ್ನು ಇಂದು ಬಳಸುವವರು ಯಾರು? ನಮ್ಮೂರಿನ ಶ್ರಾದ್ಧಪತ್ರಿಕೆಗಳು ಮತ್ತು ಹಳೆಯ ಹಿಂದೂ ನ್ಯಾಯಶಾಸ್ತ್ರದ ತೀರ್ಪುಗಳು. ಹೊರದೇಶದಲ್ಲಿ ಹುಟ್ಟಿ ಬೆಳೆದ ಮೊಮ್ಮಗಳು ಇದನ್ನು ಓದಿದರೆ ಅವಳಿಗೆ ನೆನಪಾಗುವುದು ಆಬ್ಸೀಕ್ವಿಯಸ್. ಎಂದರೆ ಹಲ್ಲುಗಿಂಜಿ ಬಾಲವಾಡಿಸುವವನು. ಅಜ್ಜನ ಕರ್ಮಕ್ಕೆ ಹೊಗಳುಭಟರನ್ನು ಕರೆದಿದ್ದಾರೆಂದುಕೊಂಡಾಳು.

ಹಿರಿಯರು: ಅವಳಿಗೆ ಹಾಗೆ ತೋರಿದರೆ ಪೂರ್ತಿ ತಪ್ಪೂ ಅಲ್ಲ, ಕೇಳು. ಅವೆರಡೂ ಬಹುಕಾಲ ಒಂದೇ ಮನೆಯಲ್ಲಿದ್ದ ಮಾತುಗಳು. ಲ್ಯಾಟಿನಿನಲ್ಲಿ ಎಕ್ಸೆಕ್ವಿಯೇ ಎಂದಿತ್ತು. ಹೊರಡುವವನ ಹಿಂದೆ ಹೋಗುವುದು, ಹೆಣವನ್ನು ಅನುಸರಿಸಿ ನಡೆಯುವುದು ಎಂದು ಅದರ ಅರ್ಥ. ಒಬ್ಸೆಕ್ವಿಯುಂ ಎಂದು ಇನ್ನೊಂದಿತ್ತು. ಅದು ವಿಧೇಯತೆ, ಸೇವೆ. ಮಧ್ಯಯುಗದ ಪಾದ್ರಿಗಳ ಬಾಯಲ್ಲಿ ಇವೆರಡೂ ಕಲಸಿಹೋಗಿ, ಸತ್ತವರಿಗೆ ಸಲ್ಲಿಸುವ ಕಡೆಯ ಸೇವೆಗೆ ಈ ಹೆಸರು ನಿಂತಿತು. ಷೇಕ್ಸ್‌ಪಿಯರನ ಹ್ಯಾಮ್ಲೆಟಿನಲ್ಲಿ ಕ್ಲಾಡಿಯಸ್ ದೊರೆ ಇದೇ ಆಬ್ಸೀಕ್ವಿಯಸ್ ಎಂಬ ಮಾತನ್ನು, ತಂದೆ ಸತ್ತಾಗ ಮಗನಾದವನು ತೋರತಕ್ಕ ಶೋಕಕ್ಕೆ ವಿಶೇಷಣವಾಗಿ ಆಡುತ್ತಾನೆ. ಅದರಲ್ಲಿ ಆಗ ಹಲ್ಲುಗಿಂಜುವಿಕೆ ಇರಲಿಲ್ಲ, ಕರ್ತವ್ಯವಿತ್ತು. ಅದೇ ನಾಟಕದ ಕೊನೆಯ ಅಂಕದಲ್ಲಿ, ಒಫೀಲಿಯಳ ಸಾವು ಸಂದೇಹಾಸ್ಪದವಾದುದರಿಂದ ಅವಳ ಆಬ್ಸಿಕ್ವೀಸನ್ನು ಇದಕ್ಕಿಂತ ಬೆಳೆಸಲು ತನಗೆ ಅಧಿಕಾರವಿಲ್ಲವೆಂದು ಪಾದ್ರಿ ಗೊಣಗುತ್ತಾನೆ. ಎಷ್ಟು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು, ಯಾರಿಗೆ ಸಲ್ಲದು ಎಂಬ ವಿಧಿನಿಷೇಧಗಳ ಪ್ರಪಂಚವೇ ಆ ಮಾತಿನ ಬೆನ್ನಿಗಿದೆ. ನಮ್ಮ ಪುರೋಹಿತರ ಪ್ರಪಂಚವೂ ಅದೇ ಅಲ್ಲವೇ?

ತರುಣ: ಹೆಣವನ್ನು ಅನುಸರಿಸಿ ನಡೆಯುವುದು ಎಂದಿರಿ. ನಡೆದದ್ದು ಮೊದಲನೆಯ ದಿನ. ಹಾಗಾದರೆ ಆಬ್ಸಿಕ್ವೀಸೂ ಸ್ಮಶಾನದ ಬಾಗಿಲಲ್ಲೇ ನಿಂತಿತಲ್ಲ!

ಹಿರಿಯರು: ಅಲ್ಲಿಯೇ ನಿಲ್ಲದಂತೆ ಅದನ್ನು ಕಾಪಾಡಿದ್ದು ಅದರ ಬಹುವಚನ. ಆ ಮಾತಿಗೆ ಇಂದಿನ ರೂಢಿಯಲ್ಲಿ ಏಕವಚನವಿಲ್ಲವೆಂಬುದನ್ನು ಗಮನಿಸು. ಫ್ಯೂನರಲ್‌ಗೂ ಒಂದು ಕಾಲಕ್ಕೆ ಬಹುವಚನವೇ ರೂಢಿಯಲ್ಲಿತ್ತು. ಜೂಲಿಯಸ್ ಸೀಸರ್ ನಾಟಕದ ಕೊನೆಗೆ ಕ್ಯಾಸಿಯಸ್ ಒಬ್ಬನ ಹೆಣದ ಮುಂದೆ ನಿಂತು ಬ್ರೂಟಸ್ ಆಡುವುದು ಬಹುವಚನವನ್ನೇ. ಫ್ರೆಂಚರು ಇವತ್ತಿಗೂ ಫ್ಯೂನೆರಾಯ್, ಒಬ್ಸೆಕ್ ಎರಡನ್ನೂ ಬಹುವಚನದಲ್ಲೇ ಬರೆಯುತ್ತಾರೆ. ರಾತ್ರಿಯ ಜಾಗರಣೆ, ಮುಂಜಾವದ ಪೂಜೆ, ಮೆರವಣಿಗೆ, ಗುಣಿ, ಊಟ, ತಿಂಗಳ ಪೂಜೆ ಎಂದು ಅನೇಕ ಕರ್ಮಗಳಿದ್ದಾಗ ಅದು ಬಹುವಚನವಾಗಿತ್ತು. ಎಲ್ಲವೂ ಸೇರಿ ಒಂದು ಮಧ್ಯಾಹ್ನದ ಒಂದು ಗಂಟೆಯ ಕಾರ್ಯಕ್ರಮವಾದ ಮೇಲೆ ಇಂಗ್ಲಿಷಿನವರು ಅದನ್ನು ಏಕವಚನಕ್ಕೆ ಇಳಿಸಿದರು. ನಮ್ಮದು ಹದಿಮೂರು ದಿನ. ನಮಗೆ ಬಹುವಚನವೇ ಬೇಕು.

ತರುಣ: ಒಂದು ಸಕಾರದ ಮೇಲೆ ಇಷ್ಟು ದೊಡ್ಡ ಉಪ್ಪರಿಗೆ ಕಟ್ಟಬೇಡಿ. ಬರಿಯಲ್ ಎಂಬುದರ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಳೆಯ ಇಂಗ್ಲಿಷಿನಲ್ಲಿ ಅದು ಬಿರ್ಗೆಲ್ಸ್ ಎಂದಿತ್ತು, ಗೋರಿ ಎಂದರ್ಥ, ಸಕಾರಾಂತವಾದ ಅಚ್ಚ ಏಕವಚನ. ಅನಂತರದ ಜನ ಆ ಸಕಾರವನ್ನು ಕಂಡು, ಇದು ಬಹುವಚನವಿರಬೇಕೆಂದು ಭ್ರಮಿಸಿ, ಬಾಲ ಕತ್ತರಿಸಿ ಹೊಸ ಏಕವಚನ ಮಾಡಿದರು. ಅಲ್ಲಿ ಒಂದು ಕರ್ಮವೂ ಕಡಮೆಯಾಗಲಿಲ್ಲ, ಹೆಚ್ಚಲೂ ಇಲ್ಲ. ಜನ ತಪ್ಪಾಗಿ ಕೇಳಿಸಿಕೊಂಡರು, ಅಷ್ಟೆ.

ಹಿರಿಯರು ಇದಕ್ಕೆ ಒಡನೆಯೇ ಉತ್ತರ ಹೇಳಲಿಲ್ಲ. ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಿಂದ ಒರಸಿಕೊಂಡರು. ನನಗೆ ಅವರ ಬಹುವಚನದ ಮಾತೇ ಹೆಚ್ಚು ಹಿಡಿಸಿತ್ತು. ಆದರೆ ಹಿಡಿಸಿದ ಮಾತೆಲ್ಲ ನಿಜವಾಗಿರಬೇಕೆಂಬ ನಿಯಮವೇನೂ ಇಲ್ಲವಾದುದರಿಂದ ಸುಮ್ಮನಿದ್ದೆ.

ಹಿರಿಯರು: ತಪ್ಪಾಗಿ ಕೇಳಿಸಿಕೊಳ್ಳುವುದರ ಮಾತು ಬಂದಿತಲ್ಲ, ನಿಮ್ಮ ಪತ್ರಿಕೆಗಳವರು ಲಾಸ್ಟ್ ರೈಟ್ಸ್ ಎಂದು ಬರೆಯುತ್ತಾರೆ, ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ತರುಣ: ಅದರ ಪೆಟ್ಟನ್ನು ನಾನೇ ತಿಂದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಕರಾವಳಿಯ ಕಡೆಯ ಒಬ್ಬ ವೃದ್ಧ ಪಾದ್ರಿಗಳಿಗೆ ಲಾಸ್ಟ್ ರೈಟ್ಸ್ ಆಯಿತೆಂದು ಇಂಗ್ಲಿಷಿನಲ್ಲಿ ಎರಡು ಸಾಲಿನ ಸುದ್ದಿ ಬಂತು. ನಾನು ನಿಶ್ಚಿಂತೆಯಿಂದ ಅಂತ್ಯಕ್ರಿಯೆ ನೆರವೇರಿತು ಎಂದು ಬರೆದೆ. ಮರುದಿನ ಜನ ಹೂವಿನ ಹಾರ ಹಿಡಿದುಕೊಂಡು ಹೋದರೆ ಪಾದ್ರಿಗಳು ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದರಂತೆ! ಕೆಥೋಲಿಕರಲ್ಲಿ ಅದು ಸಾಯುವವನಿಗೆ ಸಾಯುವ ಮೊದಲು ಕೊಡುವ ಸಂಸ್ಕಾರ: ಪಾಪನಿವೇದನೆ, ಹಣೆಗೂ ಕೈಗೂ ಎಣ್ಣೆ, ಕೊನೆಯ ಪ್ರಸಾದ. ನಮ್ಮ ದೇಶದ ಇಂಗ್ಲಿಷಿನಲ್ಲಿ ಮಾತ್ರ ಅದು ಚಿತೆಗೆ ಬೆಂಕಿಯಿಡುವುದಾಗಿದೆ.

ಹಿರಿಯರು: ನೋಡು! ಅದಕ್ಕೇ ಹೇಳುವುದು, ಮಾತನ್ನು ಎತ್ತುವ ಮೊದಲು ಅದು ಯಾರ ಮನೆಯದೆಂದು ತಿಳಿದಿರಬೇಕೆಂದು.

ತರುಣ: ಅದೇ ಅಳತೆಗೋಲನ್ನು ನಮ್ಮ ಮನೆಗೂ ಹಿಡಿಯೋಣ, ಒಪ್ಪುತ್ತೀರಾ? ನೀವು ತರಗತಿಯಲ್ಲಿ ಫ್ಯೂನರಲ್ ಎಂಬುದಕ್ಕೆ ಅಂತ್ಯೇಷ್ಟಿ ಎಂದು ಕನ್ನಡ ಅರ್ಥ ಹೇಳುತ್ತಿದ್ದಿರಿ. ಇಷ್ಟಿ ಎಂದರೆ ಯಾಗ. ಕಡೆಯ ಯಾಗ ಅದು, ಬೆಂಕಿಯಿಲ್ಲದೆ ಆಗದು. ಹೆಣವನ್ನು ಪದ್ಮಾಸನದಲ್ಲಿ ಕುಳ್ಳಿರಿಸಿ ಕ್ರಿಯಾಸಮಾಧಿ ಮಾಡುವ ಲಿಂಗವಂತರಿಗೆ ಅದು ಹೇಗೆ ಸಂದೀತು? ದಫನ್ ಮಾಡುವವರಿಗೆ ಹೇಗೆ ಸಂದೀತು? ಇನ್ನು ಅಂತ್ಯಕ್ರಿಯೆ. ಅಂತ್ಯ ಎಂದ ಮೇಲೆ ಅಲ್ಲಿಗೆ ಮುಗಿಯಬೇಕು. ನಾವು ಅದಾದ ಮೇಲೆ ಉತ್ತರಕ್ರಿಯೆ ಎಂದು ಇನ್ನೊಂದನ್ನು ಇಟ್ಟುಕೊಂಡಿದ್ದೇವೆ! ಹಳ್ಳಿಯವರು ಇದಾವುದಕ್ಕೂ ತಲೆಕೆಡಿಸಿಕೊಳ್ಳದೆ, ಮಣ್ಣಿಗೆ ಹೋಗಿದ್ದೆ ಅನ್ನುತ್ತಾರೆ. ನೀವು ಇಂಗ್ಲಿಷಿಗೆ ಹೊರಿಸಿದ ಆ ಹೂಳುವ ಅರ್ಥ ಇದೆಯಲ್ಲ, ಅದು ನಮ್ಮ ಕನ್ನಡದಲ್ಲೇ ಹೆಚ್ಚು ನಿಚ್ಚಳವಾಗಿದೆ.

ಹಿರಿಯರು: ಮಂಡ್ಯದ ಕಡೆ ತಿಥಿ ಎನ್ನುತ್ತಾರೆ. ಪಂಚಾಂಗದ ದಿನವನ್ನು ಹೇಳುವ ಪದ, ಆ ದಿನ ನಡೆಯುವ ಕಾರ್ಯದ ಹೆಸರೂ ಆಯಿತು, ಊಟದ ಹೆಸರೂ ಆಯಿತು. 2015ರಲ್ಲಿ ಬಂದ ಆ ಹೆಸರಿನ ಕನ್ನಡ ಚಲಚ್ಚಿತ್ರವು ಹೊರದೇಶಗಳಿಗೆ ಹೋದಾಗಲೂ ಆ ಹೆಸರನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ತರುಣ: ನೀವೇ ದಾರಿ ತೋರಿಸಿದಿರಿ. ನಾನೂ ತಿರುಗಿಸುವುದಿಲ್ಲ. ವೈಕುಂಠ ಸಮಾರಾಧನೆ ಎಂಬುದನ್ನು ರೋಮನ್ ಲಿಪಿಯಲ್ಲಿ ಹಾಗೆಯೇ ಇಡುತ್ತೇನೆ.

ಹಿರಿಯರು: ಅದು ಭಾಷಾಂತರಕಾರನ ಶರಣಾಗತಿ.

ತರುಣ: ರಾಮಾನುಜನ್ ಅವರದೂ ಶರಣಾಗತಿಯೇ? 1965ರ ಅನಂತಮೂರ್ತಿಯವರ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದಾಗ ಅವರು ಸಂಸ್ಕಾರ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಅಗ್ರಹಾರದಲ್ಲಿ ಹೆಣ ಕೊಳೆಯುತ್ತಿರುವ ಕಥೆ ಅದು. ಫ್ಯೂನರಲ್ ಎಂಬ ಮಾತಿಗೆ ಅಷ್ಟು ದೊಡ್ಡ ಹಸಿವು ಇನ್ನಾವ ಪುಸ್ತಕದಲ್ಲಿದ್ದೀತು? ಆದರೂ ಅವರು ಅದನ್ನು ಮುಟ್ಟಲಿಲ್ಲ.

ಹಿರಿಯರು: ಪೂರ್ತಿ ಹೇಳು. ಹೆಸರನ್ನು ಉಳಿಸಿಕೊಂಡು ಅವರು ಕೈಕಟ್ಟಿ ಕೂರಲಿಲ್ಲ. ಸತ್ತವನೊಬ್ಬನಿಗಾಗಿ ಒಂದು ವಿಧಿ ಎಂದು ಇಂಗ್ಲಿಷಿನಲ್ಲಿ ಉಪಶೀರ್ಷಿಕೆಯನ್ನು ಕೊಟ್ಟರು. ಸಾಲದೆಂದು 1894ರ ಕಿಟ್ಟೆಲ್ ನಿಘಂಟಿನಿಂದ ಆ ಪದದ ಅರ್ಥಗಳನ್ನು ಪುಸ್ತಕದ ಆರಂಭದಲ್ಲಿಯೇ ಪಟ್ಟಿಮಾಡಿದರು. ನಿನ್ನ ಪತ್ರಿಕೆ ಅಂಗೈಯಗಲದ್ದು. ಕಿಟ್ಟೆಲನಿಗೆ ಅಲ್ಲಿ ಸ್ಥಳವೆಲ್ಲಿದೆ?

ಮೆಟ್ಟಿಲ ಮೇಲಿದ್ದ ಹುಡುಗನು ಒಮ್ಮೆ ಕೆಮ್ಮಿ, ಸೈಕಲ್ಲಿನ ಗಂಟೆಯನ್ನು ಆಕಸ್ಮಿಕವೆಂಬಂತೆ ಮುಟ್ಟಿದನು.

ತರುಣ: ನಿಜವಾದ ತೊಡಕು ಎಲ್ಲಿದೆಯೆಂದು ನನಗೆ ತೋರುವುದನ್ನು ಹೇಳಲೇ? ಇಂಗ್ಲಿಷಿನಲ್ಲಿ ಫ್ಯೂನರಲ್ ಎಂಬುದು ಹೋಗಿಬರುವ ಕಾರ್ಯ. ಕರಿಯ ಬಟ್ಟೆ ತೊಟ್ಟು ಹೋಗುತ್ತಾರೆ, ಬರುತ್ತಾರೆ. ಮಾಡುವವನು ಯಾರೆಂದು ಕೇಳಿದರೆ, ಅಂಡರ್‌ಟೇಕರ್. ಯಾವ ಕೆಲಸವನ್ನಾದರೂ ವಹಿಸಿಕೊಳ್ಳುವವನಿಗೆ ಹೇಳುತ್ತಿದ್ದ ಆ ಮಾತು ಬರಬರುತ್ತ ಹೆಣವನ್ನು ವಹಿಸಿಕೊಳ್ಳುವವನಿಗೇ ಮೀಸಲಾಯಿತು. ನಮ್ಮಲ್ಲಿ ಮೊದಲು ಕೇಳುವುದೇ ಕರ್ಮ ಯಾರು ಹಿಡಿಯುತ್ತಾರೆ ಎಂದು. ಕರ್ತೃವಿಲ್ಲದೆ ನಮ್ಮ ಪದ ನಿಲ್ಲದು. ನೆರೆದವರಿಲ್ಲದೆ ಅವರ ಪದ ನಿಲ್ಲದು.

ಹಿರಿಯರು: ಅದೂ ಒಂದು. ಅದಕ್ಕಿಂತ ಆಳವಾದುದು ಇನ್ನೊಂದಿದೆ. ಹತ್ತು ದಿನ ಸತ್ತವನು ಪ್ರೇತ. ಹನ್ನೊಂದಕ್ಕೆ ಏಕೋದ್ದಿಷ್ಟ. ಹನ್ನೆರಡಕ್ಕೆ ಸಪಿಂಡೀಕರಣ, ಅವನ ಹೆಸರಿನ ಪಿಂಡವನ್ನು ಮೂರು ಭಾಗ ಮಾಡಿ ಅವನ ತಂದೆ, ತಾತ, ಮುತ್ತಾತಂದಿರ ಪಿಂಡಗಳೊಡನೆ ಕೂಡಿಸುತ್ತಾರೆ. ನಾನು ನನ್ನ ತಂದೆಗೆ ಮಾಡಿದಾಗ ದರ್ಭೆಯಿಂದ ಆ ಅನ್ನದ ಉಂಡೆಯನ್ನು ಕೊಯ್ಯಲು ಕೈ ಏಳಲಿಲ್ಲ, ಪುರೋಹಿತರು ಎರಡು ಸಲ ಹೇಳಬೇಕಾಯಿತು. ಅಲ್ಲಿಗೆ ಅವನು ಪ್ರೇತವಲ್ಲ, ಪಿತೃ. ಹದಿಮೂರನೆಯ ದಿನಕ್ಕೆ ನಾವಿಟ್ಟಿರುವ ಹೆಸರು ಶುಭ. ಮನೆಯವರು ಹೊಸ ಬಟ್ಟೆಯುಟ್ಟು ಸಿಹಿ ಬಡಿಸುತ್ತಾರೆ. ಆ ದಿನಕ್ಕೆ ಫ್ಯೂನರಲ್ ಎನ್ನುವುದೇ? ಅದರ ಒಡಹುಟ್ಟಾದ ಫ್ಯುನೀರಿಯಲ್ ಎಂಬ ವಿಶೇಷಣವನ್ನು ಮಂಕು ಕವಿದ ಮುಖಕ್ಕೆಲ್ಲ ಅಂಟಿಸುತ್ತಾರೆ.

ತರುಣ: ಆಬ್ಸಿಕ್ವೀಸ್‌ನಲ್ಲಿ ಮಾತ್ರ ಶುಭ ಎಲ್ಲಿದೆ?

ಹಿರಿಯರು: ಇಲ್ಲ. ಒಪ್ಪಿದೆ.

ಇಷ್ಟು ಸುಲಭವಾಗಿ ಅವರು ಒಪ್ಪಿಯಾರೆಂದು ತರುಣನು ಎಣಿಸಿರಲಿಲ್ಲವೆಂದು ತೋರುತ್ತದೆ. ಗೆದ್ದ ಸಡಗರವು ಅವನ ಮುಖದಲ್ಲಿ ಕಾಣಿಸಲಿಲ್ಲ.

ತರುಣ: ಕಾನೂನಿನವರು ಏನನ್ನುತ್ತಾರೆ? ನೀವು ಎರಡು ವರ್ಷ ಲಾ ಓದಿ ಬಿಟ್ಟವರಲ್ಲವೇ?

ಹಿರಿಯರು: 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 320ನೆಯ ಪ್ರಕರಣದಲ್ಲಿ ಫ್ಯೂನರಲ್ ವೆಚ್ಚ ಎಂದಿದೆ. ಸತ್ತವನ ಅಂತಸ್ತಿಗೆ ತಕ್ಕಷ್ಟು, ಮಿತಿ ಮೀರದಷ್ಟು. ಅವನ ಸಾಲಗಳಿಗೆಲ್ಲ ಮೊದಲು ಅದನ್ನು ತೀರಿಸಬೇಕು. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿದ್ದರೂ ಸೌದೆಯವನಿಗೇ ಅಗ್ರಪೂಜೆ.

ತರುಣ: ಹದಿಮೂರನೆಯ ದಿನದ ಅಡಿಗೆಯವನಿಗೆ?

ಹಿರಿಯರು: ಅದನ್ನು ಅಡಿಗೆಯವನ ವಕೀಲನನ್ನು ಕೇಳು.

ಕೊನೆಗೆ ತರುಣನು ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಫ್ಯೂನರಲ್ ಎಂಬುದನ್ನು ಹೊಡೆದುಹಾಕಿದನು. ವೈಕುಂಠ ಸಮಾರಾಧನೆ ಎಂಬುದನ್ನು ರೋಮನ್ ಅಕ್ಷರಗಳಲ್ಲಿ ದಪ್ಪಗೆ ಬರೆದು, ಕೆಳಗೆ ಹದಿಮೂರನೆಯ ದಿನದ ಸೆರಿಮನಿ ಎಂದು ಇಂಗ್ಲಿಷಿನಲ್ಲಿ ಸೇರಿಸಿದನು. ಹಿರಿಯರು ಅದನ್ನು ಓದಿ, ಸೆರಿಮನಿ ಎಂಬುದು ಗೃಹಪ್ರವೇಶಕ್ಕೂ ಸಲ್ಲುವುದೆಂದು ಮೂಗು ಮುರಿದು, ಅದರ ಹಿಂದೆ ಪೆನ್ಸಿಲಿನಲ್ಲಿ ಸಣ್ಣದಾಗಿ ಆಬ್ಸಿಕ್ವೀಸ್ ಎಂದು ಬರೆದರು. ತರುಣನು ಅದನ್ನು ಅಳಿಸಲಿಲ್ಲ. ಆದರೆ ಮೇಲಿನಿಂದ ಮಸಿಯನ್ನೂ ಹಚ್ಚಲಿಲ್ಲ. ಅಚ್ಚಿನಮನೆಯವರಿಗೆ ಕಂಡರೆ ಇರುತ್ತದೆ, ಕಾಣದಿದ್ದರೆ ಹೋಗುತ್ತದೆ ಎಂಬ ಒಪ್ಪಂದ ಅದು.

ಹುಡುಗನು ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಸೈಕಲ್ಲನ್ನು ಹಿಡಿದವನು, ಗೇಟಿನ ಬಳಿ ನಿಂತು ತಿರುಗಿ ಕೇಳಿದನು:

"ಕಪ್ಪು ಬಾರ್ಡರು ಹಾಕೋದಾ ಸ್ವಾಮಿ, ಬೇಡವಾ?"

"ಹಾಕು," ಎಂದನು ತರುಣ. "ಇಲ್ಲದಿದ್ದರೆ ಅಲ್ಲಿಯವರು ಮದುವೆಯ ಕಾಗದವೆಂದುಕೊಳ್ಳುತ್ತಾರೆ."

"ಶುಭದ ದಿನದ ಪತ್ರಿಕೆಗೆ ಕಪ್ಪೇ? ಬೇಡ," ಎಂದರು ಹಿರಿಯರು.

ಹುಡುಗನು ಇಬ್ಬರನ್ನೂ ನೋಡಿ, ಅನಂತರ, ಮನೆಯ ಯಜಮಾನನೆಂಬ ಕಾರಣಕ್ಕೋ ಏನೋ, ನನ್ನನ್ನು ನೋಡಿದನು.

"ಕನ್ನಡದ ಮಗ್ಗುಲಿಗೆ ಹೇಗೆ ಹಾಕುತ್ತೀರಪ್ಪ?" ಎಂದು ಕೇಳಿದೆ.

"ಅದಕ್ಕೇನೂ ಹಾಕೋಲ್ಲ, ಸ್ವಾಮಿ," ಎಂದನು. "ಅದನ್ನ ನೋಡ್ತಲೇ ಗೊತ್ತಾಗುತ್ತೆ."